ಗೊತ್ತಿದ್ದ ಉತ್ತರಕ್ಕೆ ಕಾಟು ಹೊಡೆಯುತ್ತಿದ್ದ ಹುಡುಗ: ಪರೀಕ್ಷೆಯ ಗಾಬರಿ, ಒಂದು ಪ್ರಕರಣ

ಬೇಲೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. 2025ರ ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಮ್ಮ ಹತ್ತನೇ ತರಗತಿಯ ಒಬ್ಬ ಹುಡುಗನಿಗೆ ಗಣಿತದಲ್ಲಿ 80ಕ್ಕೆ 19 ಬಂತು. ಅಷ್ಟು ಕಡಿಮೆ ತೆಗೆಯುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಆದರೆ ಇವನು ಹೋಂವರ್ಕ್ ತಪ್ಪಿಸಿದವನಲ್ಲ. ಬೋರ್ಡಿಗೆ ಕರೆದರೆ ವರ್ಗ ಸಮೀಕರಣದ ಸೂತ್ರವನ್ನು ‘ಮೈನಸ್ ಬಿ, ಪ್ಲಸ್ ಆರ್ ಮೈನಸ್...’ ಎಂದು ಗಟ್ಟಿಯಾಗಿ ಹೇಳುತ್ತಲೇ ಲೆಕ್ಕ ಬಿಡಿಸುತ್ತಿದ್ದ. ಹಿಂದಿನ ಬೆಂಚಿನವರು ಲೆಕ್ಕ ಹೇಳಿಸಿಕೊಳ್ಳುತ್ತಿದ್ದದ್ದೂ ಇವನ ಹತ್ತಿರವೇ.

ಅವನೂ ಮನೆಯವರೂ ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಹಾಕಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಉತ್ತರ ಪತ್ರಿಕೆ ಹೇಳಿದ್ದು

ಅಂಕ ಹಾಕಿ ಮುಗಿದ ಮೇಲೆ ಅವನ ಉತ್ತರ ಪತ್ರಿಕೆಯನ್ನು ಪಕ್ಕಕ್ಕಿಟ್ಟುಕೊಂಡು ಮತ್ತೊಮ್ಮೆ ನಿಧಾನಕ್ಕೆ ನೋಡಿದೆ. ಮೊದಲ ಪುಟದಲ್ಲೇ ಅಕ್ಷರ ಸಾಲಿನಿಂದ ಸಾಲಿಗೆ ಚಿಕ್ಕದಾಗುತ್ತಾ ಹೋಗಿತ್ತು. ಅಂಗೈ ಬೆವರು ತಾಗಿ ಅಲ್ಲಲ್ಲಿ ಇಂಕು ಹರಡಿತ್ತು. ಸಮಾಂತರ ಶ್ರೇಢಿಯ ಲೆಕ್ಕದಲ್ಲಿ ಮೊದಲ ಪದ, ಸಾಮಾನ್ಯ ವ್ಯತ್ಯಾಸ ಎರಡನ್ನೂ ಸರಿಯಾಗಿ ಬರೆದಿದ್ದ. ಸೂತ್ರಕ್ಕೂ ಹಾಕಿದ್ದ. ಇನ್ನೊಂದು ಸಾಲು ಬರೆದಿದ್ದರೆ ಉತ್ತರ ಬರುತ್ತಿತ್ತು. ಅಷ್ಟರಲ್ಲಿ ಇಡೀ ಲೆಕ್ಕಕ್ಕೆ ಕಾಟು ಹೊಡೆದಿದ್ದ. ಕೆಳಗೆ ಅದೇ ಲೆಕ್ಕ ಮತ್ತೆ ಶುರು, ಈ ಸಲ ಸೂತ್ರವೇ ತಪ್ಪು. ಮೂಲ ಸಮಾನುಪಾತತೆಯ ಪ್ರಮೇಯಕ್ಕೆ ಚಿತ್ರ ಬರೆದು, ದತ್ತ, ಸಾಧನೀಯ ಬರೆದು, ಅದಕ್ಕೂ ಕಾಟು.

ಹೀಗೆ ಹೊಡೆದು ಹಾಕಿದ್ದರಲ್ಲಿ ಸರಿ ಇದ್ದವನ್ನೆಲ್ಲ ಪೆನ್ಸಿಲಿನಲ್ಲಿ ಕೂಡಿದೆ. 21 ಅಂಕ ಆಯಿತು. ಅವನಿಗೆ ಬಂದ ಅಂಕಕ್ಕಿಂತ ಅವನೇ ಹೊಡೆದು ಹಾಕಿದ ಅಂಕ ಜಾಸ್ತಿ. ಓದು ಸಾಲದೆ ಹೀಗಾಗಿದೆ ಎಂದು ಯಾರಾದರೂ ಹೇಳಿದ್ದರೆ ಆ ಪುಟವನ್ನೇ ತೋರಿಸುತ್ತಿದ್ದೆ.

ಮನೆ ಹಳೇಬೀಡಿನ ಕಡೆ. ಅಪ್ಪ ಆಲೂಗೆಡ್ಡೆ, ಮುಸುಕಿನ ಜೋಳ ಬೆಳೆಯುತ್ತಾರೆ, ಗುತ್ತಿಗೆ ಜಮೀನಿನಲ್ಲಿ ಶುಂಠಿ ಹಾಕಿದ್ದರು. ಶುಂಠಿ ರೇಟು ಬಿದ್ದ ವರ್ಷ ಅದು. ಅಮ್ಮ ಹಸು ಸಾಕಿ ಡೈರಿಗೆ ಹಾಲು ಹಾಕುತ್ತಾರೆ. ಅಕ್ಕ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ 625ಕ್ಕೆ 590ರ ಮೇಲೆ ಬಂದಿತ್ತು. ಅಪ್ಪ ಅದೇ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾಗಿ ಓದು ಬಿಟ್ಟವರು. ಇದನ್ನು ಅವರು ಮುಚ್ಚಿಡಲಿಲ್ಲ.

“ಇವ್ನು ಕದ್ದು ಆಡೋ ಹುಡುಗ ಅಲ್ಲ ಕಣ್ರೀ ಮೇಡಂ. ರಾತ್ರಿ ಹನ್ನೊಂದಾದ್ರೂ ಪುಸ್ತಕ ಬಿಡಲ್ಲ. ಪರೀಕ್ಷೆ ದಿನ ಅದೇನಾಗುತ್ತೋ, ಬೆಳಗ್ಗೆ ಎದ್ದು ವಾಂತಿ ಮಾಡ್ಕೊತಾನೆ,” ಅಂದರು.

ಹುಡುಗ ಅಪ್ಪನ ಎದುರು ಬಾಯಿ ಬಿಡಲಿಲ್ಲ. ಮಾರನೇ ದಿನ ಲ್ಯಾಬಿನಲ್ಲಿ ಕೂತಾಗ ಹೇಳಿದ. “ಪೇಪರ್ ಕೈಗೆ ಬಂದ ತಕ್ಷಣ ಎಲ್ಲಾ ಖಾಲಿ ಮೇಡಂ. ಅಕ್ಷರ ಕಾಣುತ್ತೆ, ಏನ್ ಕೇಳಿದಾರೆ ಅಂತ ತಲೆಗೆ ಹೋಗಲ್ಲ. ಬರೆಯೋಕೆ ಶುರು ಮಾಡಿದ್ರೆ ಇದು ತಪ್ಪು, ಇದು ತಪ್ಪು ಅಂತ ಅನ್ನಿಸ್ತಾನೇ ಇರುತ್ತೆ.” ಮೊದಲ ಸಲ ಹೀಗಾದದ್ದು ಒಂಬತ್ತನೇ ತರಗತಿಯ ಒಂದು ಪರೀಕ್ಷೆಯಲ್ಲಿ. ಅವತ್ತು ಜ್ವರ ಬಂದು ಎದ್ದಿದ್ದ, ತಲೆ ಓಡಲಿಲ್ಲ, ಅಷ್ಟೇ. ಆದರೆ ಆಮೇಲೆ ಪ್ರತಿ ಟೆಸ್ಟಿಗೂ ಮೊದಲು ‘ಇವತ್ತೂ ಹಂಗೇ ಆದ್ರೆ?’ ಎಂಬ ಹೆದರಿಕೆ. ಲೆಕ್ಕದ ಭಯ ಅವನಿಗಿರಲಿಲ್ಲ. ತಲೆ ಖಾಲಿಯಾಗುವುದರ ಭಯವಿತ್ತು. ಆ ಭಯವೇ ತಲೆಯನ್ನು ಖಾಲಿ ಮಾಡುತ್ತಿತ್ತು.

ಮೊದಲು ತಳ್ಳಿಹಾಕಿಕೊಂಡ ಸಂಗತಿಗಳು

ಗಾಬರಿ ಎಂದು ಹೆಸರಿಡುವ ಮೊದಲು ದೇಹ ನೋಡಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ, ಕಣ್ಣು ಪರೀಕ್ಷೆ ಆಯಿತು. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇತ್ತು, ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಕಣ್ಣು ಚೆನ್ನಾಗಿತ್ತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬಂದು ನೋಡುವ ‘ಮನೋಚೈತನ್ಯ’ ಕ್ಲಿನಿಕ್ ಇದೆ. ಅಲ್ಲಿಗೆ ಅಪ್ಪ, ಮಗ ಇಬ್ಬರೂ ಹೋದರು. ಅಪ್ಪನನ್ನು ಒಪ್ಪಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. “ನನ್ ಮಗ ಹುಚ್ಚ ಅಲ್ವಲ್ಲ ಮೇಡಂ” ಎಂಬ ಮಾತಿನ ಹಿಂದೆ ಊರವರು ಏನಂತಾರೋ ಎಂಬ ಭಯವಿತ್ತು. ಆ ಭಯವನ್ನು ನಾನು ಹಗುರ ಮಾಡಿ ಮಾತಾಡಲಿಲ್ಲ. ಅಲ್ಲಿ ಬರುವ ಮುಕ್ಕಾಲು ಜನ ನಿದ್ದೆ, ಸಂಕಟ, ತಲೆನೋವು ಅಂತ ಬರುವ ನಮ್ಮ ನಿಮ್ಮಂಥವರೇ ಎಂದು ಆಸ್ಪತ್ರೆಯ ನರ್ಸ್ ಹೇಳಿದ ಮೇಲೆ ಅವರು ಸಮಾಧಾನ ಆದರು.

ವೈದ್ಯರು ಕೇಳಿದ ಪ್ರಶ್ನೆಗಳನ್ನು ಶಿಕ್ಷಕರೂ ತಿಳಿದಿರಬೇಕು. ಬೇರೆ ಕಡೆಯೂ ಗಾಬರಿ ಆಗುತ್ತಾ? ಕಬಡ್ಡಿ ಆಡುವಾಗ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ? ಇಲ್ಲ. ಮೊದಲು ಇಷ್ಟಪಡುತ್ತಿದ್ದ ಆಟ, ಊಟ, ಗೆಳೆಯರು ಬೇಡ ಅನ್ನಿಸುತ್ತಾ? ಇಲ್ಲ. ಸಾಯಬೇಕು ಅನ್ನಿಸಿದೆಯಾ? ಇದನ್ನೂ ನೇರವಾಗಿ ಕೇಳಿದರು. ಇಲ್ಲ ಅಂದ. ಕೇಳಿದರೆ ಮಗುವಿನ ತಲೆಗೆ ಆ ಯೋಚನೆ ಹಾಕಿದಂತಾಗುತ್ತದೆ ಎಂದು ನಾವೆಲ್ಲ ಹೆದರುತ್ತೇವೆ, ಅದು ಹಾಗಲ್ಲ. ಕೇಳುವುದೇ ಸುರಕ್ಷಿತ. ಮಾತ್ರೆ ಬೇಕಿಲ್ಲ, ಪರೀಕ್ಷೆಯನ್ನೇ ಅಭ್ಯಾಸ ಮಾಡಿಸಿ ಎಂದು ಹೇಳಿ, ಏನೇನು ಮಾಡಬೇಕೆಂದು ನನಗೂ ಫೋನಿನಲ್ಲಿ ವಿವರಿಸಿದರು.

ಮಾತ್ರೆಯ ವಿಷಯ ಬಂದದ್ದು ಒಳ್ಳೆಯದಾಯಿತು. ಎದೆ ಬಡಿತ ಇಳಿಸುವ ಒಂದು ಮಾತ್ರೆ ಇದೆ, ಪರೀಕ್ಷೆ ದಿನ ನುಂಗಿಸಿ ಎಂದು ಯಾರೋ ನೆಂಟರು ಮನೆಯಲ್ಲಿ ಹೇಳಿಹೋಗಿದ್ದರಂತೆ. ಅದು ಪ್ರೊಪ್ರನೊಲಾಲ್. ದಮ್ಮು ಇರುವವರಿಗೆ ಕೊಟ್ಟರೆ ಉಸಿರಾಟಕ್ಕೇ ಸಂಚಕಾರ. ಈ ಹುಡುಗನಿಗೆ ಚಿಕ್ಕಂದಿನಿಂದ ಚಳಿಗಾಲದಲ್ಲಿ ದಮ್ಮು ಬರುತ್ತಿತ್ತು. ವೈದ್ಯರನ್ನು ಕೇಳದೆ ಇಂಥದ್ದನ್ನು ಕೊಡಲೇಬೇಡಿ.

ಪ್ರೀತಿಯಿಂದ ಮಾಡಿದ್ದೇ ಭಯಕ್ಕೆ ಮೇವಾದದ್ದು

ಈ ಪ್ರಕರಣದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಇದು. ಯಾರೂ ಸುಮ್ಮನೆ ಕೂತಿರಲಿಲ್ಲ. ಅಜ್ಜಿ ದೃಷ್ಟಿ ತೆಗೆದು ಕೈಗೆ ದಾರ ಕಟ್ಟಿದ್ದರು. ಅಮ್ಮ ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸಿ ಬೆಲ್ಲದ ಕಾಫಿ ಕೊಡುತ್ತಿದ್ದರು, ರಾತ್ರಿ ನಿದ್ದೆ ಬಾರದಿರಲಿ ಎಂದು ಇನ್ನೊಂದು ಲೋಟ. ಅಪ್ಪ ಟ್ಯೂಷನ್ ಹಾಕಿದ್ದರು. ಶಾಲೆಯಲ್ಲಿ ಬೆಳಗಿನ ವಿಶೇಷ ತರಗತಿ, ಸಂಜೆ ಪಾಸಾಗಲು ಬೇಕಾದಷ್ಟನ್ನು ಓದಿಸುವ ‘ಪಾಸಿಂಗ್ ಪ್ಯಾಕೇಜ್’. ಸಿಕ್ಕವರೆಲ್ಲ ಹೇಳುತ್ತಿದ್ದದ್ದು ಒಂದೇ, “ಹೆದರ್ಬೇಡ ಕಣೋ.” ಇಷ್ಟು ಜನ ಇಷ್ಟು ಸಲ ಹೆದರಬೇಡ ಅಂದರೆ ಮಗುವಿಗೆ ಏನು ಅರ್ಥವಾಗುತ್ತದೆ? ಹೆದರುವಂಥದ್ದು ಅಲ್ಲೇನೋ ಇದೆ ಎಂದೇ ಅಲ್ವಾ?

ಹಾಸನ ಜಿಲ್ಲೆಯಲ್ಲಿ ಈ ಒತ್ತಡ ಇನ್ನೊಂದು ತೂಕ ಜಾಸ್ತಿ. 2019ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆ ರಾಜ್ಯಕ್ಕೇ ಮೊದಲ ಸ್ಥಾನಕ್ಕೆ ಬಂತು. ಅದು ನಮ್ಮೆಲ್ಲರ ಹೆಮ್ಮೆ. ಆದರೆ ಸ್ಥಾನದ ಮಾತು ಸಭೆಯಿಂದ ಸಭೆಗೆ ಇಳಿಯುತ್ತಾ ಕೊನೆಗೆ ಮಗುವಿನ ಬೆಂಚಿನ ತನಕ ಬರುತ್ತದೆ.

ಪರೀಕ್ಷೆಯ ಗಾಬರಿಯಲ್ಲಿ ಎರಡು ಎಳೆ ಇವೆ ಎಂದು 1967ರಲ್ಲೇ ಲೀಬರ್ಟ್ ಮತ್ತು ಮಾರಿಸ್ ಎಂಬ ಮನಃಶಾಸ್ತ್ರಜ್ಞರು ಬಿಡಿಸಿ ತೋರಿಸಿದ್ದರು. ಒಂದು ದೇಹದ್ದು: ಎದೆ ಬಡಿತ, ಬೆವರು, ಹೊಟ್ಟೆ ತೊಳಸುವುದು. ಇನ್ನೊಂದು ಮನಸ್ಸಿನದ್ದು: ಫೇಲಾದರೆ, ಅಪ್ಪ ಬೈದರೆ, ಅಕ್ಕನಷ್ಟು ಬರದಿದ್ದರೆ ಎಂಬ ಚಿಂತೆ. ಅಂಕಕ್ಕೆ ಜಾಸ್ತಿ ಪೆಟ್ಟು ಕೊಡುವುದು ಎರಡನೆಯದು. ಲೆಕ್ಕ ಮಾಡುವಾಗ ಅಂಕಿಗಳನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಜಾಗ ನಮ್ಮ ತಲೆಯಲ್ಲಿ ಬಹಳ ಚಿಕ್ಕದು. ಇಬ್ಬರು ಕೂರುವ ಬೆಂಚಿನಲ್ಲಿ ಚಿಂತೆಗಳು ಮೊದಲೇ ಬಂದು ಕೂತರೆ ಲೆಕ್ಕಕ್ಕೆ ಜಾಗವಿಲ್ಲ. ಓದಿದ್ದು ಎಲ್ಲೂ ಹೋಗಿರುವುದಿಲ್ಲ. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಉತ್ತರ ನೆನಪಾಗುವುದು ಅದಕ್ಕೇ.

ಇದರ ಮೇಲೆ ಅವನೇ ಕಂಡುಕೊಂಡ ಕೆಲವು ಉಪಾಯಗಳಿದ್ದವು. ಬೆಲ್ ಹೊಡೆಯುವ ತನಕ ನೋಟ್ಸ್ ತಿರುವಿಹಾಕುವುದು. ಪರೀಕ್ಷೆ ನಡುವೆ ನೀರು, ಟಾಯ್ಲೆಟ್ ಅಂತ ಎದ್ದು ಹೋಗುವುದು. ಅನುಮಾನ ಬಂದ ತಕ್ಷಣ ಕಾಟು. ಮುಗಿಯುವ ಮೊದಲೇ ಪೇಪರ್ ಕೊಟ್ಟು ಬರುವುದು. ಪ್ರತಿಯೊಂದರಿಂದಲೂ ಎರಡು ನಿಮಿಷ ಹಾಯೆನಿಸುತ್ತದೆ. ಆ ಹಾಯೇ ಅಪಾಯ. ತಪ್ಪಿಸಿಕೊಂಡದ್ದಕ್ಕೇ ಉಳಿದೆ ಎಂದು ದೇಹ ಕಲಿಯುತ್ತದೆ, ಮುಂದಿನ ಸಲ ಗಾಬರಿ ಇನ್ನೂ ಬೇಗ ಏಳುತ್ತದೆ.

ಹಾಗಾಗಿ ನಾವು ಇನ್ನಷ್ಟು ಗಣಿತ ಹೇಳಿಕೊಡುವುದನ್ನು ನಿಲ್ಲಿಸಿದೆವು. ಪರೀಕ್ಷೆ ಬರೆಯುವುದನ್ನು ಹೇಳಿಕೊಡಲು ಶುರು ಮಾಡಿದೆವು.

ಸಣ್ಣ ಪರೀಕ್ಷೆಯಿಂದ ದೊಡ್ಡ ಪರೀಕ್ಷೆಗೆ

ಮೊದಲ ದಿನ ಐದು ನಿಮಿಷ, ಒಂದೇ ಲೆಕ್ಕ, ಅಂಕ ಇಲ್ಲ. ಅವನು ಕೂರುವ ಜಾಗದಲ್ಲೇ. ಒಂದೇ ಒಂದು ನಿಯಮ: ಕಾಟು ಹೊಡೆಯುವ ಹಾಗಿಲ್ಲ. ತಪ್ಪು ಅನ್ನಿಸಿದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಬೇಕು. ಬರೆಯುವ ಮೊದಲು ಗಾಬರಿ ಹತ್ತಕ್ಕೆ ಎಷ್ಟು ಎಂದು ಪುಟದ ಮೂಲೆಯಲ್ಲಿ ಬರೆಯಬೇಕು, ಮುಗಿದ ಮೇಲೆ ಇನ್ನೊಮ್ಮೆ.

ಅವನು 7 ಎಂದು ಬರೆದ. ಪೆನ್ನು ಎರಡು ಸಲ ಕಾಟು ಹೊಡೆಯಲು ಹೋಯಿತು. ಎರಡು ಸಲವೂ ಮೇಲೆತ್ತಿ, ಪಕ್ಕಕ್ಕೆ ಸರಿದು, ಚಿಹ್ನೆ ಹಾಕಿದ. ಹಣೆಯಲ್ಲಿ ಬೆವರು. ಐದು ನಿಮಿಷ ಆದಾಗ ಲೆಕ್ಕ ಮುಗಿದಿತ್ತು, ಉತ್ತರ ಸರಿ ಇತ್ತು. ಕೆಳಗಿನ ಮೂಲೆಯಲ್ಲಿ 4 ಎಂದು ಬರೆದ.

“ನೋಡೋ, ನೀನು ಎದ್ದು ಹೋಗಲಿಲ್ಲ. ಗಾಬರಿ ತಾನಾಗೇ ಇಳೀತು.”

“ಇದು ನಿಜವಾದ ಪರೀಕ್ಷೆ ಅಲ್ವಲ್ಲ ಮೇಡಂ.”

ಅವನ ಮಾತು ಸರಿಯೇ. ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ನಿಜದ ಪರೀಕ್ಷೆಗೆ ಹತ್ತಿರ ಒಯ್ದೆವು. ಹದಿನೈದು ನಿಮಿಷದ ಟೆಸ್ಟ್, ಆಮೇಲೆ ಬೇರೆ ಕೊಠಡಿ, ಆಮೇಲೆ ಪರಿಚಯವಿಲ್ಲದ ಶಿಕ್ಷಕರ ಮೇಲ್ವಿಚಾರಣೆ. ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆದು ಕೂರಿಸಿದೆವು. ಕೊನೆಗೆ 38 ಪ್ರಶ್ನೆಗಳ ಪೂರ್ತಿ ಪೇಪರ್, ಮೂರು ಗಂಟೆ, ಅದಕ್ಕೂ ಮೊದಲು ಪ್ರಶ್ನೆ ಓದಿಕೊಳ್ಳಲು ಹದಿನೈದು ನಿಮಿಷ. ಆ ಹದಿನೈದು ನಿಮಿಷವನ್ನು ನಮ್ಮ ಮಕ್ಕಳು ಸುಮ್ನೆ ಗಾಬರಿಪಡುವುದಕ್ಕೇ ಕಳೆಯುತ್ತಾರೆ. ಇವನಿಗೆ ಅದರಲ್ಲಿ ಕೆಲಸ ಕೊಟ್ಟೆವು: ಪೂರ್ತಿ ಪೇಪರ್ ಓದಿ, ಕಣ್ಣು ಮುಚ್ಚಿ ಮಾಡಬಲ್ಲ ಪ್ರಶ್ನೆಗಳ ನಂಬರ್ ಮನಸ್ಸಿನಲ್ಲಿ ಇಟ್ಟುಕೋ, ಬರೆಯುವುದು ಅವುಗಳಿಂದಲೇ ಶುರು.

ಓದುವ ರೀತಿಯೂ ಬದಲಾಯಿತು. ಅವನ ಓದು ಅಂದರೆ ಬಿಡಿಸಿದ ಲೆಕ್ಕವನ್ನು ಮತ್ತೆ ಮತ್ತೆ ನೋಡುವುದು. ನೋಡುತ್ತಿರುವಾಗ ಎಲ್ಲ ಗೊತ್ತು ಅನ್ನಿಸುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಮಾಡಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮುಂದಿದ್ದರು. ನಮ್ಮ ಹುಡುಗನೂ ಪುಸ್ತಕ ಮುಚ್ಚಿ ಬರೆಯುವುದಕ್ಕೆ ಶುರು ಮಾಡಿದ. ಮೊದಲ ವಾರ ಅವನಿಗೆ ಇದು ಇಷ್ಟವಾಗಲಿಲ್ಲ. ಗೊತ್ತಿಲ್ಲದ್ದು ಎದ್ದು ಕಾಣುತ್ತದಲ್ಲ.

ಉಸಿರಾಟದ ಅಭ್ಯಾಸ ಇವನಿಗೆ ಅಷ್ಟಾಗಿ ಹಿಡಿಸಲಿಲ್ಲ. ಉಸಿರು ಎಣಿಸಿದಷ್ಟೂ ಗಮನ ಎದೆ ಬಡಿತದ ಕಡೆಗೇ ಹೋಗುತ್ತಿತ್ತಂತೆ. ಎಣಿಕೆ ಬಿಟ್ಟೆವು. ಪೆನ್ನು ಕೆಳಗಿಡು, ಎರಡೂ ಪಾದ ನೆಲಕ್ಕೆ ಊರು, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡು, ಮೂರ್ನಾಲ್ಕು ಸಲ ಸಾಕು, ಮುಂದಿನ ಪ್ರಶ್ನೆಗೆ ಹೋಗು. ಇಷ್ಟು ಹೊಂದಿತು.

ಪರೀಕ್ಷೆಗೆ ಮೊದಲು ಹತ್ತು ನಿಮಿಷ ಮನಸ್ಸಿನ ಚಿಂತೆಗಳನ್ನು ಹಾಳೆಯಲ್ಲಿ ಬರೆದರೆ ಅಂಕ ಏರುತ್ತದೆ ಎಂದು 2011ರಲ್ಲಿ ರಮಿರೆಜ್ ಮತ್ತು ಬೈಲಾಕ್ ಅವರ ಅಧ್ಯಯನ ಹೇಳಿತು. ಬಹಳ ಪ್ರಚಾರವೂ ಪಡೆಯಿತು. 2018ರಲ್ಲಿ ಬೇರೆ ತಂಡ ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಹುಡುಗನಿಗೆ ಬರೆಯುವುದು ಹಿತ ಅನ್ನಿಸಿತು, ಬರೆಯಲು ಬಿಟ್ಟೆವು. ಅದರ ಮೇಲೆ ಭಾರ ಹಾಕಲಿಲ್ಲ.

ಮನೆಯಲ್ಲಿ ಮೂರು ಮಾರ್ಪಾಡು. ಮಧ್ಯಾಹ್ನದ ನಂತರ ಕಾಫಿ ಇಲ್ಲ. ಕೆಫೀನ್ ಅರ್ಧಕ್ಕೆ ಇಳಿಯಲು ದೊಡ್ಡವರಲ್ಲೇ ಸುಮಾರು ಐದು ಗಂಟೆ ಬೇಕು. ರಾತ್ರಿಯ ಲೋಟ ನಿದ್ದೆ ಕೆಡಿಸಿದರೆ ಬೆಳಗಿನದ್ದು ಗಾಬರಿಯ ಎದೆ ಬಡಿತಕ್ಕೆ ಜೊತೆಯಾಗುತ್ತದೆ. ಕಾಫಿ ಸೀಮೆಯ ಮನೆಗೆ ಈ ಮಾತು ಹೇಳುವುದು ಕಷ್ಟವೇ, ಆದರೂ ಅಮ್ಮ ಒಪ್ಪಿದರು. ಹತ್ತೂವರೆಗೆ ದೀಪ ಆರಿಸುವುದು ಎರಡನೆಯದು. ಮೂರನೆಯದು, ಪರೀಕ್ಷೆ ಮುಗಿಸಿ ಬಂದವನನ್ನು ‘ಹೆಂಗ್ ಬರ್ದೆ, ಎಷ್ಟು ಬರುತ್ತೆ’ ಎಂದು ಕೇಳಬಾರದು. ಅಜ್ಜಿಯ ದಾರ ಕೈಯಲ್ಲೇ ಇರಲಿ ಅಂದೆ. ಅದರಿಂದ ತೊಂದರೆ ಏನೂ ಇರಲಿಲ್ಲ, ಅವನಿಗೆ ಅಜ್ಜಿ ಅಂದರೆ ಜೀವ.

‘ಫೇಲಾದರೆ ಮುಗೀತು’ ಎಂಬ ಮಾತಿಗೆ ಸಮಾಧಾನ ಹೇಳುವ ಬದಲು ವಿಷಯ ಹೇಳಿದೆವು. 2024ರಲ್ಲಿ ಶುರುವಾದ ಪದ್ಧತಿಯಂತೆ ಆಗ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳಿದ್ದವು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದಿತ್ತು. ಇದನ್ನು ಕೇಳಿ ಮಗನಿಗಿಂತ ಅಪ್ಪನ ಮುಖ ಸಡಿಲವಾಯಿತು. “ನಮ್ ಕಾಲ್ದಲ್ಲಿ ಇದಿದ್ದಿದ್ರೆ...” ಅಂದು ಅಲ್ಲಿಗೇ ನಿಲ್ಲಿಸಿದರು.

ಹಿಂದಕ್ಕೆ ಬಿದ್ದ ವಾರ

ಫೆಬ್ರವರಿ ಕೊನೆಯಲ್ಲಿ ಎರಡನೇ ಪೂರ್ವಸಿದ್ಧತಾ ಪರೀಕ್ಷೆ. ಬೆಳಗ್ಗೆ ಮತ್ತೆ ವಾಂತಿ. ಗಣಿತದಲ್ಲಿ 33. ಅಪ್ಪ ಶಾಲೆಗೆ ಬಂದರು. “ಇದೆಲ್ಲಾ ಆಟ ಆಯ್ತಲ್ವಾ ಮೇಡಂ? ಓದೋ ಟೈಮ್ ಹೋಗ್ತಿದೆ.” ಸಿಟ್ಟಿರಲಿಲ್ಲ ಆ ದನಿಯಲ್ಲಿ, ದಣಿವಿತ್ತು. ಎರಡೂ ಉತ್ತರ ಪತ್ರಿಕೆಗಳನ್ನು ಅವರ ಮುಂದೆ ಪಕ್ಕಪಕ್ಕ ಹರಡಿದೆ. ಮೊದಲನೆಯದರಲ್ಲಿ ಪುಟಪುಟಕ್ಕೂ ಕಾಟು. ಎರಡನೆಯದರಲ್ಲಿ ಎರಡೇ ಕಡೆ. ಕೊನೆಯ ಬೆಲ್ ತನಕ ಕೂತಿದ್ದ. ಅಂಕಕ್ಕಿಂತ ಮೊದಲು ಬದಲಾಗಬೇಕಾದದ್ದು ಬದಲಾಗಿತ್ತು. ಅಪ್ಪ ಬಹಳ ಹೊತ್ತು ನೋಡಿದರು. ಲೆಕ್ಕ ಅವರಿಗೆ ತಿಳಿಯದಿದ್ದರೂ ಕಾಟು ತಿಳಿಯುತ್ತಿತ್ತು.

ವಾಂತಿಯ ಬಗ್ಗೆ ವೈದ್ಯರು ಹೇಳಿದ್ದು: ಗಾಬರಿಯಲ್ಲಿ ದೇಹ ಹೊಟ್ಟೆಯ ಕೆಲಸ ನಿಲ್ಲಿಸಿ ರಕ್ತವನ್ನು ಕೈಕಾಲಿನ ಕಡೆ ತಳ್ಳುತ್ತದೆ, ಆಗ ತುಂಬಿದ ಹೊಟ್ಟೆ ತೊಳಸುತ್ತದೆ. ಪರೀಕ್ಷೆ ದಿನ ದೋಸೆ, ಚಟ್ನಿ ಬಲವಂತ ಮಾಡಬೇಡಿ, ತೆಳ್ಳಗೆ ರಾಗಿ ಗಂಜಿ, ಒಂದು ಬಾಳೆಹಣ್ಣು ಸಾಕು.

ಪರೀಕ್ಷಾ ಕೇಂದ್ರ ಬೇರೆ ಶಾಲೆ. ಅದರ ಹಿಂದಿನ ಭಾನುವಾರ ಅಪ್ಪ, ಮಗ ಬೈಕಿನಲ್ಲಿ ಹೋಗಿ ಗೇಟು, ನೀರಿನ ಜಾಗ, ಕಿಟಕಿಯಿಂದ ಕೊಠಡಿ ಎಲ್ಲ ನೋಡಿ ಬಂದರು. 2024ರಿಂದ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇದೆ. ಯಾರೋ ತನ್ನನ್ನೇ ನೋಡುತ್ತಿರುತ್ತಾರೆ ಎಂಬ ಅಳುಕು ಅವನಿಗೆ ಇತ್ತು. ಕ್ಯಾಮೆರಾ ಎಲ್ಲಿದೆ ಎಂದು ಮೊದಲೇ ನೋಡಿಕೊಂಡದ್ದು ಒಳ್ಳೆಯದಾಯಿತು. ಪರೀಕ್ಷೆ ದಿನಗಳಲ್ಲಿ ಗೆಳೆಯರ ಜೊತೆ ಬಸ್ಸಿನಲ್ಲೇ ಹೋದ. ಅಪ್ಪ ಗೇಟಿನಲ್ಲಿ ಕಾಯಲಿಲ್ಲ.

ಮಾರ್ಚ್ ಪರೀಕ್ಷೆ

ಮೊದಲ ಭಾಷೆಯ ದಿನ ಹೆಚ್ಚೇನೂ ಆಗಲಿಲ್ಲ. ಎರಡನೆಯದು ಗಣಿತ. ಅವತ್ತು ತಲೆ ಖಾಲಿ ಆಯಿತಂತೆ, ಪೇಪರ್ ಕೈಗೆ ಬಂದ ತಕ್ಷಣ, ಥೇಟ್ ಹಿಂದಿನ ಹಾಗೆ. “ಬರುತ್ತೆ ಅಂತ ಗೊತ್ತಿತ್ತು ಮೇಡಂ. ಬಂತು. ಪೆನ್ನು ಇಟ್ಟೆ. ಕಾಲು ಊರಿದೆ. ಆಮೇಲೆ ಅಂಕಿಅಂಶದ ಲೆಕ್ಕ ಕಾಣಿಸ್ತು, ಅದರಿಂದ ಶುರು ಮಾಡಿದೆ.” ಒಂದು ತ್ರಿಕೋನಮಿತಿ ಲೆಕ್ಕ ಕೊನೆಗೂ ಬರಲಿಲ್ಲ. ಪ್ರಶ್ನಾರ್ಥಕ ಚಿಹ್ನೆಯ ಜಾಗಕ್ಕೆ ಎರಡು ಸಲ ಹಿಂದಿರುಗಿದ. ಕಾಟು ಎಲ್ಲೂ ಹೊಡೆಯಲಿಲ್ಲ.

ಸಂಜೆ ಮನೆಯಲ್ಲಿ ಯಾರೂ ಕೇಳಲಿಲ್ಲ. ಅವನೇ ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿ ಪೂರ್ತಿ ಪೇಪರ್ ಒಪ್ಪಿಸಿದನಂತೆ.

ಲಿಖಿತದಲ್ಲಿ 80ಕ್ಕೆ 56 ಬಂತು. ಅಕ್ಕನ ಅಂಕದ ಹತ್ತಿರಕ್ಕೂ ಹೋಗಲಿಲ್ಲ, ಯಾರೂ ಆ ಮಾತೆತ್ತಲಿಲ್ಲ. ಯಾವ ಉಪಾಯ ಎಷ್ಟು ಕೆಲಸ ಮಾಡಿತೆಂದು ಒಬ್ಬ ಹುಡುಗನಿಂದ ಹೇಳಲಾಗುವುದಿಲ್ಲ. ನನ್ನ ಅನಿಸಿಕೆ ಕೇಳಿದರೆ, ಕಾಟು ನಿಲ್ಲಿಸಿದ್ದು ಮತ್ತು ಬೇರೆ ಕೊಠಡಿಯಲ್ಲಿ ಬರೆಸಿದ್ದು ಮೊದಲು, ಮನೆಯವರು ಪ್ರಶ್ನೆ ಕೇಳದಿದ್ದದ್ದು ಆಮೇಲೆ, ಉಳಿದದ್ದು ಕೊನೆಗೆ. ಈಗ ಅವನು ಪಿಯುಸಿಯಲ್ಲಿದ್ದಾನೆ. ಕಾಲೇಜಿನ ಮೊದಲ ಟೆಸ್ಟಿಗೆ ಮೊದಲು ಹೊಟ್ಟೆ ತೊಳಸಿತು ಎಂದ. ಹೊಸ ಜಾಗ, ಹೊಸ ಮುಖ, ಹಾಗಾಗುವುದು ಸಹಜ. ಮೂಲೆಯಲ್ಲಿ ನಂಬರ್ ಬರೆಯುವ ಅಭ್ಯಾಸ ಬಿಟ್ಟಿಲ್ಲ.

ನಮ್ಮ ಶಾಲೆಯಲ್ಲಿ ಈಗ ಶನಿವಾರ ಬೇರೆ ಕೊಠಡಿಯಲ್ಲಿ ನಂಬರ್ ಹಾಕಿ ಸಣ್ಣ ಟೆಸ್ಟ್ ಮಾಡುತ್ತೇವೆ. ಬಹಳ ಮಕ್ಕಳಿಗೆ ಒಗ್ಗಿದೆ. ಒಬ್ಬ ಹುಡುಗಿಗೆ ಒಗ್ಗಲಿಲ್ಲ. ಅವಳ ಗಾಬರಿ ಇಳಿಯುತ್ತಲೇ ಇರಲಿಲ್ಲ, ಎಷ್ಟು ಟೆಸ್ಟ್ ಆದರೂ 8ರ ಕೆಳಗೆ ಬರಲಿಲ್ಲ. ಗಟ್ಟಿಯಾಗಿ ಓದಿಸಿದಾಗ ಕಾರಣ ಕಂಡಿತು: ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದಳು, ಸಾಲು ಜಾರುತ್ತಿತ್ತು. ಅವಳಿಗೆ ಬೇಕಿದ್ದದ್ದು ಕಲಿಕಾ ನ್ಯೂನತೆಯ ತಪಾಸಣೆ, ಬರೆಯಲು ಹೆಚ್ಚಿನ ಸಮಯ. ತಪಾಸಣೆಗೆ ಹಾಸನಕ್ಕೆ ಕಳಿಸಿದ್ದೇವೆ. ಅಲ್ಲಿಯ ತನಕ ಅವಳ ಪ್ರಶ್ನೆ ಪತ್ರಿಕೆಯನ್ನು ನಾನೇ ಓದಿ ಹೇಳುತ್ತಿದ್ದೇನೆ.

ನಿಮ್ಮ ಮಗು ಪರೀಕ್ಷೆಯ ಹೊರಗೂ ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಬದುಕು ಬೇಡ ಅನ್ನುವ ಮಾತಾಡಿದರೆ, ಟೆಸ್ಟ್ ಅಭ್ಯಾಸ ಅಂತ ಕಾಯಬೇಡಿ, ಅವತ್ತೇ ವೈದ್ಯರ ಹತ್ತಿರ ಹೋಗಿ. ಟೆಲಿಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.